ಕ್ರಿಯಾಟಿನ್: ಲೋಟದಿಂದ ಸ್ನಾಯುವಿನವರೆಗೆ



ಯುವಜನರ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಒಂದು ವ್ಯಾಯಾಮಶಾಲೆಗೆ ಹೋಗಿದ್ದೆವು. ದೀಪಗಳನ್ನು ಹೊಂದಿಸುತ್ತಿದ್ದಾಗ, ಪದವಿ ತರಗತಿಯ ಹುಡುಗನೊಬ್ಬ ಲೋಟದ ನೀರಿಗೆ ಬಿಳಿ ಪುಡಿ ಕಲಸಿ ಕುಡಿದ. ತಳದಲ್ಲಿ ಉಳಿದ ಗಸಿಯನ್ನು ಮೋರಿಗೆ ಚೆಲ್ಲಿದ. ಅದು ಕ್ರಿಯಾಟಿನ್. ಅದನ್ನು ಕೊಳ್ಳಲು ಬೆಳಗಿನ ತಿಂಡಿ ಬಿಟ್ಟು ಹಣ ಉಳಿಸಿದ್ದನಂತೆ. "ಸಾರ್, ಇದು ಮೈಗೆ ಹತ್ತುತ್ತಾ ಇಲ್ಲ. ಹೇಗೆ ತಗೊಂಡ್ರೆ ಪೂರ್ತಿ ಹೀರಿಕೊಳ್ಳುತ್ತೆ?" ಎಂದು ಕೇಳಿದ. ವಿಜ್ಞಾನ ಓದಿದವನಾದರೂ ನಾನು ಅವತ್ತು ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಉಳಿದರ್ಧವನ್ನು ಓದಿಕೊಂಡು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ ಈ ವಸ್ತುವನ್ನು ಮಾಂಸದ ರಸದಿಂದ ಬೇರ್ಪಡಿಸಿದರು. ಹೆಸರೂ ಮಾಂಸ ಎಂಬರ್ಥದ ಗ್ರೀಕ್ ಪದದಿಂದಲೇ ಬಂದದ್ದು. ಹಾಗೆಂದು ಇದು ಮಾಂಸಾಹಾರಿಗಳ ಸೊತ್ತಲ್ಲ. ನಮ್ಮ ಮೂತ್ರಪಿಂಡ ಮತ್ತು ಯಕೃತ್ತು ಸೇರಿ ದಿನಕ್ಕೆ ಸುಮಾರು 1 ಗ್ರಾಂ ಕ್ರಿಯಾಟಿನ್ ತಯಾರಿಸುತ್ತವೆ. 70 ಕಿಲೋ ತೂಕದವರ ಮೈಯಲ್ಲಿ ಸುಮಾರು 120 ಗ್ರಾಂ ಇರುತ್ತದೆ. ಅದರಲ್ಲಿ ಶೇಕಡಾ 95 ಸ್ನಾಯುಗಳಲ್ಲೇ. ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಖರ್ಚಾದ ಕ್ಷಣವೇ ಅದನ್ನು ಮತ್ತೆ ಕಟ್ಟಿಕೊಡುವುದು ಇದರ ಕೆಲಸ. ನೂರು ಮೀಟರ್ ಓಟಕ್ಕೆ, ಭಾರ ಎತ್ತುವುದಕ್ಕೆ ಇದು ಒದಗುತ್ತದೆ. ಮ್ಯಾರಥಾನ್ ಓಡುವವರಿಗೆ ಅಷ್ಟೇನೂ ಅಲ್ಲ.

ಈಗ ಹುಡುಗನ ಪ್ರಶ್ನೆಗೆ ಬರೋಣ. 'ಹೀರಿಕೊಳ್ಳುವುದು' ಎಂದಾಗ ದಾಟಬೇಕಾದ ಬಾಗಿಲು ಒಂದಲ್ಲ, ಎರಡು. ಮೊದಲನೆಯದು ಕರುಳು. ಇಲ್ಲಿ ತೊಂದರೆಯೇ ಇಲ್ಲ. ಹಿತಮಿತವಾಗಿ ತೆಗೆದುಕೊಂಡ ಕ್ರಿಯಾಟಿನ್ ಬಹುತೇಕ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಹೀಗಿರುವಾಗ 'ಹೆಚ್ಚು ಹೀರಿಕೊಳ್ಳುವ' ದುಬಾರಿ ನಮೂನೆಗಳಿಗೆ ಹಣ ಸುರಿಯುವುದೇಕೆ? ಸಾದಾ ಕ್ರಿಯಾಟಿನ್ ಮೊನೊಹೈಡ್ರೇಟನ್ನು ಅವು ಮೀರಿಸಿದ್ದಕ್ಕೆ ಗಟ್ಟಿ ಆಧಾರವಿಲ್ಲ.

ಎರಡನೆಯ ಬಾಗಿಲು ಸ್ನಾಯುವಿನದು. ಅಲ್ಲಿ ಕಾವಲುಗಾರನಂಥ ಒಂದು ಪ್ರೋಟೀನು ಸೋಡಿಯಂ ಜೊತೆಯಲ್ಲಿ ಕ್ರಿಯಾಟಿನ್ನನ್ನು ಒಳಗೆ ಬಿಡುತ್ತದೆ. ಕಣಜ ತುಂಬಿತೋ, ಹೆಚ್ಚಿದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಮಾಂಸ, ಮೀನು ತಿನ್ನದವರ ಕಣಜ ಸಾಮಾನ್ಯವಾಗಿ ಅಷ್ಟು ತುಂಬಿರುವುದಿಲ್ಲ. ಆದ್ದರಿಂದ ಅವರಲ್ಲಿ ಪರಿಣಾಮ ಹೆಚ್ಚಾಗಿ ಕಾಣುತ್ತದೆ.

ಈ ಬಾಗಿಲನ್ನು ಅಗಲ ಮಾಡಬಹುದೇ? 1992ರಲ್ಲಿ ಹ್ಯಾರಿಸ್, ಸೋಡರ್‌ಲುಂಡ್ ಮತ್ತು ಹಲ್ಟ್‌ಮನ್ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಕ್ರಿಯಾಟಿನ್ ಸೇವಿಸಿದವರಿಂದ ದಿನಕ್ಕೆ ಒಂದು ಗಂಟೆ ಒಂದೇ ಕಾಲಿನಲ್ಲಿ ಸೈಕಲ್ ತುಳಿಸಿದರು. ಅದೇ ಮನುಷ್ಯ, ಅದೇ ರಕ್ತ. ಆದರೆ ದುಡಿದ ಕಾಲು ಸುಮ್ಮನಿದ್ದ ಕಾಲಿಗಿಂತ ಹೆಚ್ಚು ಕ್ರಿಯಾಟಿನ್ ತುಂಬಿಕೊಂಡಿತ್ತು! ವ್ಯಾಯಾಮಕ್ಕೆ ಮೊದಲೋ ಆಮೇಲೋ ಎಂದು ಗಡಿಯಾರ ನೋಡುವುದಕ್ಕಿಂತ ಆ ಸ್ನಾಯುವನ್ನು ದುಡಿಸುವುದು ಮೇಲು.

ಇನ್ನೊಂದು ದಾರಿ ಇನ್ಸುಲಿನ್. 1996ರಲ್ಲಿ ಗ್ರೀನ್ ಮತ್ತು ಸಂಗಡಿಗರು 5 ಗ್ರಾಂ ಕ್ರಿಯಾಟಿನ್ ಜೊತೆಗೆ ಪ್ರತಿಸಲವೂ 93 ಗ್ರಾಂ ಸಕ್ಕರೆ ಕೊಟ್ಟು ನೋಡಿದಾಗ ಸ್ನಾಯುವಿನಲ್ಲಿ ಹೊಸದಾಗಿ ಸೇರಿದ ಕ್ರಿಯಾಟಿನ್, ಬರೀ ಕ್ರಿಯಾಟಿನ್ ತೆಗೆದುಕೊಂಡವರಿಗಿಂತ ಶೇಕಡಾ 60ರಷ್ಟು ಹೆಚ್ಚಾಗಿತ್ತು. ಹಾಗೆಂದು ದಿನಕ್ಕೆ ನಾಲ್ಕು ಸಲ ಅಷ್ಟು ಸಕ್ಕರೆ ತಿನ್ನುವವರುಂಟೇ? ಮುದ್ದೆ, ಬೇಳೆ ಸಾರು, ಮೊಸರನ್ನದ ಊಟವೂ ಇನ್ಸುಲಿನ್ನನ್ನು ಏರಿಸುತ್ತದೆ. ಊಟದ ಜೊತೆ ಪುಡಿ ತೆಗೆದುಕೊಂಡರೆ ಸಾಕು. ನಮ್ಮ ಹುಡುಗ ತಿಂಡಿಯನ್ನೇ ಬಿಟ್ಟು ಖಾಲಿ ಹೊಟ್ಟೆಗೆ ಪುಡಿ ಕುಡಿಯುತ್ತಿದ್ದ!

ಅವಸರವೂ ಬೇಕಿಲ್ಲ. ದಿನಕ್ಕೆ 20 ಗ್ರಾಮಿನಂತೆ 6 ದಿನ ತೆಗೆದುಕೊಂಡವರ ಸ್ನಾಯುವೂ, ದಿನಕ್ಕೆ 3 ಗ್ರಾಮಿನಂತೆ 28 ದಿನ ತೆಗೆದುಕೊಂಡವರ ಸ್ನಾಯುವೂ ಕೊನೆಗೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬುತ್ತವೆ ಎಂದು ಹಲ್ಟ್‌ಮನ್ ತಂಡ 1996ರಲ್ಲಿ ತೋರಿಸಿತು. ಒಂದೇ ಸಲ 10 ಗ್ರಾಂ ಕುಡಿದರೆ ಹೊಟ್ಟೆ ಕೆಟ್ಟೀತು. ಮೊದಲ ವಾರ ಏರುವ ಒಂದೆರಡು ಕಿಲೋ ತೂಕ ಬಹುಮಟ್ಟಿಗೆ ನೀರು. ಅದನ್ನು ಮಾಂಸಖಂಡವೆಂದು ಗೆಳೆಯರ ಮುಂದೆ ಕೊಚ್ಚಿಕೊಳ್ಳಬೇಡಿ.

ಇನ್ನು ಆ ಗಸಿ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 14 ಗ್ರಾಂ ಮಾತ್ರ ಕರಗುತ್ತದೆ. ಅಂದರೆ 200 ಮಿಲಿಲೀಟರ್ ಲೋಟದಲ್ಲಿ 3 ಗ್ರಾಂ ಕೂಡ ಪೂರ್ತಿ ಕರಗದು. ಕಲಬೆರಕೆಯೆಂದು ತಿಳಿದು ಆತ ಚೆಲ್ಲಿದ್ದು ಕ್ರಿಯಾಟಿನ್ನನ್ನೇ! ಉಗುರುಬೆಚ್ಚಗಿನ ನೀರು ಬಳಸಿ. ಗಸಿ ಉಳಿದರೆ ಮತ್ತಷ್ಟು ನೀರು ಹಾಕಿ ಕುಡಿಯಿರಿ. ಕಲಸಿದ್ದನ್ನು, ಅದರಲ್ಲೂ ನಿಂಬೆಹಣ್ಣಿನ ಪಾನಕದಲ್ಲಿ ಕಲಸಿದ್ದನ್ನು, ನಾಳೆಗೆಂದು ಇಡಬೇಡಿ. ಹುಳಿಯಲ್ಲಿ ಅದು ಕ್ರಿಯಾಟಿನಿನ್ ಎಂಬ ನಿರುಪಯೋಗಿ ವಸ್ತುವಾಗುತ್ತಾ ಹೋಗುತ್ತದೆ.

ಶಾಲೆಯ ಮಕ್ಕಳಿಗೆ ಒಂದು ಮಾತು. ಈ ಪ್ರಯೋಗಗಳು ನಡೆದದ್ದು ವಯಸ್ಕರ ಮೇಲೆ. 18 ತುಂಬದವರಿಗೆ ಈ ಪುಡಿ ಬೇಡ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ತೆಗೆದುಕೊಳ್ಳುತ್ತಿರುವವರು ರಕ್ತ ಪರೀಕ್ಷೆಗೆ ಹೋದಾಗ ಮೊದಲೇ ವೈದ್ಯರಿಗೆ ತಿಳಿಸಿ. ಮೂತ್ರಪಿಂಡದ ಆರೋಗ್ಯವನ್ನು ಅಳೆಯುವುದು ಇದೇ ಕ್ರಿಯಾಟಿನಿನ್ ಪ್ರಮಾಣದಿಂದ; ಪುಡಿಯ ಕಾರಣಕ್ಕೇ ಅದು ಸ್ವಲ್ಪ ಏರಿ, ಇಲ್ಲದ ಕಾಯಿಲೆಯ ಭಯ ಹುಟ್ಟಿಸಬಹುದು.