ವಿಜ್ಞಾನದ ನಿರ್ಧಾರಗಳಲ್ಲಿ ಮಹಿಳೆಯರ ಪಾಲು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ವಿಜ್ಞಾನ ಮತ್ತು ತಂತ್ರಜ್ಞಾನದ ನಿರ್ಧಾರಗಳಲ್ಲಿ ಮಹಿಳೆಯರು ಪಾಲ್ಗೊಳ್ಳಬೇಕೆಂಬ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ನಿರ್ಧಾರವೆಂಬುದು ಯಾವ ಗಳಿಗೆಯಲ್ಲಿ ಆಗುತ್ತದೆ ಎಂದು ಕೇಳಿಕೊಳ್ಳುವವರು ವಿರಳ. ಸಭೆಯಲ್ಲಿ ಕೈ ಎತ್ತುವಾಗ ಎಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಒಂದು ಭತ್ತದ ಗದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಬೈಲಿನಲ್ಲಿ ಐದು ಭತ್ತದ ತಳಿಗಳನ್ನು ಪರೀಕ್ಷೆಗೆ ಹಾಕಿದ್ದೆವು. ದಾಖಲೆಯ ನಮೂನೆಯನ್ನು ಸಿದ್ಧಪಡಿಸಿದವಳು ನಾನೇ. ತೆನೆ ಬಿಡಲು ತಗುಲಿದ ದಿನಗಳು, ಬೆಂಕಿರೋಗದ ಪ್ರಮಾಣ, ಎಕರೆಗೆ ಬಂದ ಇಳುವರಿ, ಎಲ್ಲಕ್ಕೂ ಕಾಲಂ ಇತ್ತು. ಗಿಡ್ಡ ತಳಿಯೊಂದು ಉಳಿದೆಲ್ಲವಕ್ಕಿಂತ ಹೆಚ್ಚು ಕಾಳು ಕೊಟ್ಟಿತು. ಕ್ಷೇತ್ರೋತ್ಸವದ ದಿನ ಅದನ್ನೇ ಶಿಫಾರಸು ಮಾಡಿದೆ. ಸಭೆ ಚಪ್ಪಾಳೆ ತಟ್ಟಿತು. ಊಟದ ಹೊತ್ತಿಗೆ ಹಿರಿಯ ಮಹಿಳೆಯೊಬ್ಬರು ಬಳಿ ಬಂದು ಕೇಳಿದರು: "ತಂಗೀ, ಇದರ ಹುಲ್ಲು ನಮ್ಮ ಕೊಟ್ಟಿಗೆಗೆ ಎಷ್ಟು ತಿಂಗಳು ಬಂದೀತು?"

ನನ್ನಲ್ಲಿ ಉತ್ತರವಿರಲಿಲ್ಲ. ಹುಲ್ಲನ್ನು ನಾವು ತೂಗಿರಲೇ ಇಲ್ಲ.

ಗೊಣಬೆ ಬೇಗ ಕರಗಿದರೆ ಮೇವಿಗಾಗಿ ಬೆಟ್ಟ ಹತ್ತಿ ಹೊರೆ ಹೊರುವವಳು ಮನೆಯ ಹೆಂಗಸು. ಹೆಚ್ಚಿಗೆ ಬಂದ ಕಾಳಿನ ಬೆಲೆಯನ್ನು ಆಕೆಯ ತಲೆಹೊರೆ ತೀರಿಸಬೇಕಾಗಿತ್ತು. ನನ್ನ ಲೆಕ್ಕದಲ್ಲಿ ಅದು ಎಲ್ಲಿಯೂ ಕಾಣುತ್ತಿರಲಿಲ್ಲ. ಆ ನಮೂನೆಯನ್ನು ಬರೆದವಳೂ ಒಬ್ಬ ಹೆಣ್ಣೇ ಎಂಬುದನ್ನು ತಾವು ಗಮನಿಸಬೇಕು. ಡಾಕ್ಟರೇಟ್ ಪಡೆದ ಹೆಣ್ಣೊಬ್ಬಳು ಸಮಿತಿಯಲ್ಲಿದ್ದ ಮಾತ್ರಕ್ಕೆ ಹುಲ್ಲು ಹೊರುವವಳ ಪ್ರಶ್ನೆ ಅಲ್ಲಿಗೆ ತಲುಪಲಿಲ್ಲ.

ಮರುವರ್ಷ ನಮೂನೆ ಬರೆಯುವ ಮೊದಲೇ ಆ ಊರಿನ ಮಹಿಳೆಯರೊಡನೆ ಕುಳಿತೆವು. ಹುಲ್ಲಿನ ತೂಕವೆಷ್ಟು, ಬಡಿಯುವಾಗ ಕಾಳು ಸುಲಭವಾಗಿ ಉದುರುವುದೇ, ಬೆಳಗಿನ ಅನ್ನ ರಾತ್ರಿಯವರೆಗೆ ಹಳಸದೆ ಉಳಿಯುವುದೇ, ನೀರು ನಿಂತ ಗದ್ದೆಯಲ್ಲಿ ಸಸಿ ಮುಳುಗುವುದೇ ಎಂಬ ಕಾಲಂಗಳು ಸೇರಿದವು. ಕೊನೆಗೆ ಅವರು ಆರಿಸಿದ್ದು ಇಳುವರಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಎತ್ತರದ ತಳಿಯನ್ನು. ಏನನ್ನು ಅಳೆಯಬೇಕೆಂದು ತೀರ್ಮಾನಿಸುವಾಗಲೇ ಅರ್ಧ ನಿರ್ಧಾರ ಮುಗಿದಿರುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಹಾಗೆಂದು, ಸಂಸ್ಥೆಗಳ ಬಾಗಿಲು ತೆರೆಯುವುದು ಸಣ್ಣ ಸಂಗತಿಯಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕೆಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಈ ವಿಜ್ಞಾನಿ ಸಂಶೋಧನೆಗೆ ಎತ್ತಿಕೊಂಡ ವಸ್ತುಗಳು ಯಾವುವು? ದ್ವಿದಳ ಧಾನ್ಯ, ನೀರಾ. ಅಂದರೆ ಬಡವರ ಕೈಗೆಟುಕುವ ಪೌಷ್ಟಿಕ ಆಹಾರ. ಹೊಸಬರು ಒಳಗೆ ಬಂದಾಗ ಹೊಸ ಪ್ರಶ್ನೆಗಳೂ ಬರುತ್ತವೆ.

ಇನ್ನು ನಮ್ಮ ಊರಿನ ವಿಚಾರ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಾಮಕರಣಗೊಂಡ ಸದಸ್ಯರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕೆಂದು 2004ರ ನಿಯಮಗಳು ವಿಧಿಸಿದವು. ಕರ್ನಾಟಕದ ಪಂಚಾಯತಿಗಳಲ್ಲಂತೂ 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಕುರ್ಚಿಯನ್ನು ಕಾನೂನು ಕೊಟ್ಟಿದೆ. ಆದರೆ ಕುರ್ಚಿಯಲ್ಲಿ ಕುಳಿತವಳಿಗೆ ತಯಾರಾದ ಕಾಗದವನ್ನು ಮುಂದಿಟ್ಟು ಸಹಿ ಕೇಳುವುದೇ ರೂಢಿಯಾದರೆ ಪಾಲ್ಗೊಳ್ಳುವಿಕೆ ಹಾಜರಿ ಪುಸ್ತಕಕ್ಕೆ ಸೀಮಿತವಾಗುತ್ತದೆ.

ಒಂದು ಉದಾಹರಣೆ ನೋಡೋಣ. ಕಾಡಿನಲ್ಲಿ ಬಿದಿರು ಇದೆ ಎಂದು ಯಾರೂ ಬರೆದಾರು. ಆದರೆ ಕಳಲೆಯನ್ನು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಅದರೊಳಗಿನ ಸಯನೈಡ್ ಅಂಶವನ್ನು ಹೋಗಲಾಡಿಸಿದ ಮೇಲೆಯೇ ಒಲೆಗೆ ಇಡಬೇಕು. ಮರಕೆಸುವಿನ ಎಲೆಯ ತುರಿಕೆಗೆ ಹುಣಿಸೆಯ ಹುಳಿ ಬೇಕು. ಒಂದೆಲಗ, ಚಗಟೆಸೊಪ್ಪು ಯಾವ ದಿನಗಳಲ್ಲಿ ಎಳತು ಎಂಬುದು ಗೊತ್ತಿರಬೇಕು. ಇದು ಅಡುಗೆಮನೆಯ ಕಸುಬು ಮಾತ್ರವಲ್ಲ. ರಸಾಯನಶಾಸ್ತ್ರವೂ ಹೌದು, ಸಸ್ಯಶಾಸ್ತ್ರವೂ ಹೌದು. ಮನೆಯ ಯಜಮಾನನನ್ನಷ್ಟೇ ಜಗಲಿಯಲ್ಲಿ ಕೂರಿಸಿ ಮಾಹಿತಿ ಕೇಳಿದರೆ ಈ ಜ್ಞಾನ ದಾಖಲಾತಿಗೆ ಬರುವುದೆಂತು?

ಈ ಬೇಸಿಗೆಯಲ್ಲಿ ನಮ್ಮ ಪಂಚಾಯತಿಯ ದಾಖಲಾತಿಯ ಪರಿಷ್ಕರಣೆಗೆ ಸಮೀಕ್ಷೆ ಆರಂಭವಾಗಲಿದೆ. ಪ್ರಶ್ನಾವಳಿ ಇನ್ನೂ ಅಚ್ಚಾಗಿಲ್ಲ. ಆದುದರಿಂದ ನನ್ನ ಕೋರಿಕೆ ಮೂರು. ಅಚ್ಚಿಗೆ ಕೊಡುವ ಮೊದಲು ಪ್ರತಿ ಕೇರಿಯಲ್ಲೂ ಮಹಿಳೆಯರ ಪ್ರತ್ಯೇಕ ಸಭೆ ನಡೆಯಲಿ; ಏನೇನು ಕೇಳಬೇಕೆಂದು ಅವರೇ ಹೇಳಲಿ. ಸಭೆಯ ವೇಳೆ ಹಾಲು ಕರೆಯುವ ಹೊತ್ತಿಗೂ ಅಡುಗೆಯ ಹೊತ್ತಿಗೂ ಅಡ್ಡ ಬರದಿರಲಿ. ತಿಳಿವಳಿಕೆ ಕೊಟ್ಟವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಅದನ್ನು ಬರೆಯೋಣ.

ವಿದ್ಯಾರ್ಥಿ ಮಿತ್ರರೇ, ಸಮೀಕ್ಷೆಗೆ ಮನೆಮನೆಗೆ ಹೋಗುವವರು ನೀವು. ಜಗಲಿಯಲ್ಲೇ ನಿಲ್ಲದೆ ಹಿತ್ತಿಲಿಗೂ ಕೊಟ್ಟಿಗೆಗೂ ಹೋಗಿ. ನಿಮ್ಮ ಹಾಳೆಯಲ್ಲಿ ಜಾಗವಿಲ್ಲದ ಮಾತನ್ನು ಯಾರಾದರೂ ಹೇಳಿದರೆ ಹಾಳೆಯ ಬೆನ್ನಿಗಾದರೂ ಬರೆದುಕೊಂಡು ಬನ್ನಿ. ಅಂದು ನನ್ನ ಬಳಿ ಬಂದ ಆ ಹಿರಿಯರು ಊಟಕ್ಕೆ ನಿಲ್ಲದೆ ಹೊರಟಿದ್ದರೆ ಹುಲ್ಲಿನ ಲೆಕ್ಕ ಇಂದಿಗೂ ನನಗೆ ತಿಳಿಯುತ್ತಿರಲಿಲ್ಲ.