ಡಿಸ್ಕ್ ಇಲ್ಲದ ಕಂಪ್ಯೂಟರು



ಕುರೆಕುಪ್ಪಕ್ಕೆ ಬಂದಾಗಲೆಲ್ಲ "ಬೆಂಗಳೂರಾಗ ಏನ್ ಕೆಲ್ಸ ಮಾಡ್ತೀಪಾ?" ಅಂತ ಕೇಳುತ್ತಾರೆ. "ಸಾಫ್ಟ್‌ವೇರ್" ಅಂದು ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಮೈಕು ಕೈಗೆ ಸಿಕ್ಕಿದೆ, ಬಿಡಿಸಿ ಹೇಳುತ್ತೇನೆ.

ನಾನು ನೋಡಿಕೊಳ್ಳುವ ಸರ್ವರುಗಳ ಒಳಗೆ ಹಾರ್ಡ್‌ಡಿಸ್ಕೇ ಇಲ್ಲ. ಬಟನ್ ಒತ್ತಿದಾಗ ಅದಕ್ಕೆ ತನ್ನ ವಿಳಾಸವೂ ಗೊತ್ತಿರುವುದಿಲ್ಲ. ನೆಟ್‌ವರ್ಕ್ ಕಾರ್ಡಿನಲ್ಲಿರುವ ಪುಟ್ಟ ಪ್ರೋಗ್ರಾಮು "ನಾನ್ಯಾರು?" ಎಂದು ಕೇಬಲ್ಲಿನಲ್ಲಿ ಕೂಗು ಹಾಕುತ್ತದೆ. ಡಿಎಚ್‌ಸಿಪಿ ಸರ್ವರು ವಿಳಾಸ ಕೊಟ್ಟು, ಯಾವ ಫೈಲು ತರಬೇಕೆಂದು ಹೇಳುತ್ತದೆ. ಆ ಸಣ್ಣ ಫೈಲು ಬಂದ ಮೇಲೆ, ದೂರದ ಸ್ಟೋರೇಜಿನಲ್ಲಿ ತನಗೆ ಮೀಸಲಿಟ್ಟ ಜಾಗವನ್ನೇ ಸ್ವಂತ ಡಿಸ್ಕ್ ಎಂದು ನಂಬಿ ಎದ್ದು ಕೂರುತ್ತದೆ. ಹೀಗೆ ಕೂಗಿ ಕರೆಯುವ ವಿಧಾನಕ್ಕೆ ಪಿಎಕ್ಸ್‌ಇ ಎನ್ನುತ್ತಾರೆ. ದೂರದ ಡಿಸ್ಕನ್ನು ಜೋಡಿಸುವುದು ಐಸ್ಕಸಿ. 2004ರಲ್ಲಿ ಅದು ಪ್ರಮಾಣಿತ ನಿಯಮವಾಯಿತು. ಸರ್ವರು ಸುಟ್ಟರೆ ಬೇರೊಂದು ಪೆಟ್ಟಿಗೆ ತಂದು ಅದೇ ಜಾಗ ತೋರಿಸಿದರಾಯಿತು.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಹೊಸಪೇಟೆ, ಕಂಪ್ಲಿ ಕಡೆ ಎಷ್ಟೋ ಗದ್ದೆಗಳಿಗೆ ಸ್ವಂತ ಬಾವಿಯಿಲ್ಲ, ಡ್ಯಾಮಿನ ನೀರು ಕಾಲುವೆಯಲ್ಲಿ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ನೀರು ಉಳಿಯುತ್ತದೋ ಇಲ್ಲವೋ ಎಂದು ಎಷ್ಟು ಊರುಗಳು ನಿದ್ದೆಗೆಟ್ಟವು ಎಂದು ನಿಮಗೆ ಗೊತ್ತು.

ಅಂಥ ರಾತ್ರಿ ನನಗೂ ಬಂದಿತ್ತು, ತಪ್ಪು ನನ್ನದೇ. ಸ್ಟೋರೇಜಿಗೆ ಎರಡು ದಾರಿ ಇರಬೇಕೆಂಬುದು ನಿಯಮ. ಒಂದು ಕಡಿದರೆ ಇನ್ನೊಂದು. ನಾನು ಎರಡು ಕೇಬಲ್ ಎಳೆದಿದ್ದೆ, ಪಟ್ಟಿಯಲ್ಲಿ ಟಿಕ್ ಹಾಕಿ ಸಹಿಯನ್ನೂ ಮಾಡಿದ್ದೆ. ಆದರೆ ಎರಡನ್ನೂ ಒಂದೇ ಸ್ವಿಚ್ಚಿಗೆ ಚುಚ್ಚಿದ್ದೆ. ನಡುರಾತ್ರಿ ಸ್ವಿಚ್ಚು ಕೆಟ್ಟಿತು, ಎಲ್ಲ ಸರ್ವರುಗಳೂ ಒಟ್ಟಿಗೆ ಸ್ತಬ್ಧ. ಬೆಳಗ್ಗೆ ಆರಕ್ಕೆ ಬೇರೆ ಸ್ವಿಚ್ಚು ಬಂತು. ಅದುವರೆಗೂ ನೀರೂ ಕುಡಿಯಲಿಲ್ಲ. ಅಂದಿನಿಂದ ಕೇಬಲ್ ಒಂದನ್ನು ನಾನೇ ಕಿತ್ತು ನೋಡದೆ ಸಹಿ ಮಾಡುವುದಿಲ್ಲ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಡಿಸ್ಕ್ ಹೋದ ಹಳೇ ಕಂಪ್ಯೂಟರುಗಳನ್ನು ಗುಜರಿಗೆ ಹಾಕಬೇಡಿ. ಒಂದು ಒಳ್ಳೆಯ ಸರ್ವರು ಇದ್ದರೆ ಅವು ಅದರಿಂದಲೇ ಏಳುತ್ತವೆ. ಎಲ್ಲಕ್ಕೂ ಓದಲು ಒಂದೇ ಪ್ರತಿ, ಮಕ್ಕಳು ಬರೆದದ್ದಕ್ಕೆ ಬೇರೆ ಬೇರೆ ಜಾಗ. ಹೆಡ್‌ಮಾಸ್ತರರು ಒಪ್ಪಿದರೆ ದಸರಾ ರಜೆಯಲ್ಲಿ ಬಂದು ಜೋಡಿಸಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನ ಇಬ್ಬರು ಜೊತೆಗಿರಲಿ. ಸ್ವಿಚ್ಚು ಮಾತ್ರ ಎರಡು ತರುತ್ತೇನೆ.