ಹೃದಯಾಘಾತ: ಮೊದಲ ತಿಂಗಳು, ಆರನೆಯ ತಿಂಗಳು



ಹೃದಯಾಘಾತವಾದ ಕೆಲವರಲ್ಲಿ ಹೃದಯ ರಕ್ತವನ್ನು ತಳ್ಳಲಾರದೆ ಸೋಲುತ್ತದೆ. ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾಗುತ್ತವೆ, ಮಂಪರು ಕವಿಯುತ್ತದೆ. ಇದೇ ಕಾರ್ಡಿಯೋಜೆನಿಕ್ ಶಾಕ್. "ಉಳೀತಾರಾ ಡಾಕ್ಟ್ರೇ?" ಎಂದು ಮನೆಯವರು ಕೇಳುತ್ತಾರೆ.

ಉತ್ತರ ಸುಲಭವಲ್ಲ. 1999ರಲ್ಲಿ ಪ್ರಕಟವಾದ 'ಶಾಕ್' ಅಧ್ಯಯನದಲ್ಲಿ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸನ್ನು ಬೇಗನೆ ಮಾಡುವ ಗುಂಪಿನಲ್ಲಿಯೂ ತಿಂಗಳೊಳಗೆ ಶೇ. 47 ಮಂದಿ ತೀರಿಕೊಂಡರು; ಮೊದಲು ಔಷಧಿಯನ್ನೇ ನೆಚ್ಚಿದ ಗುಂಪಿನಲ್ಲಿ ಶೇ. 56. ಅಂತರ ಖಚಿತವೆನ್ನಲು ಸಾಲದಾಯಿತು. ಆರು ತಿಂಗಳಿಗೆ 50 ಮತ್ತು 63. ಆಗ ಸಂಶಯ ಉಳಿಯಲಿಲ್ಲ. ಗಮನಿಸಿ, ಮೊದಲ ಗುಂಪಿನಲ್ಲಿ ತಿಂಗಳು ದಾಟಿದವರು ಬಹುಪಾಲು ಉಳಿದರು. ಮನೆಯವರಿಗೆ ನಾನು ಹೇಳುವ ಧೈರ್ಯ ಇದೇ.

ನಮ್ಮವರಿಗೆ ಎದೆನೋವೆಂದರೆ ಮೊದಲು "ಗ್ಯಾಸು", ಆಮೇಲೆ ಜೀರಿಗೆ ಕಷಾಯ! ಐರ್ಲೆಂಡಿನಲ್ಲಿ 112 ಅಥವಾ 999ಕ್ಕೆ ಫೋನ್ ಮಾಡಿ, ಕಾರಿನಲ್ಲಿ ಹೊರಡಬೇಡಿ. ಆಂಬುಲೆನ್ಸಿನಲ್ಲೇ ಇಸಿಜಿ ತೆಗೆಯುತ್ತಾರೆ. ಊರಿನ ಅಪ್ಪ-ಅಮ್ಮನಿಗೆ 108 ಬರೆದುಕೊಡಿ.